ಪ್ರೆಟಿಕ್ಸ್ ಎಪಿಐ, ಪೈಥಾನ್ ಮತ್ತು ಮ್ಯೂನಿಕ್ ರಾಜ್ಯೋತ್ಸವದ ಗೇಟು: ನನ್ನ ಅನುಭವ

ಮ್ಯೂನಿಕ್‌ನಲ್ಲಿ ನಾವು ಕನ್ನಡಿಗರು ಸೇರಿ ಮಾಡುವ ರಾಜ್ಯೋತ್ಸವಕ್ಕೆ ಹೋದ ಸಲ ಸುಮಾರು 450 ಜನ ಬಂದರು. ಅರ್ಧ ಗಂಟೆಯೊಳಗೆ ಎಲ್ಲರೂ ಹಾಲ್ ಒಳಗಿದ್ದರು. ಊಟ ಮಿಕ್ಕಿದ್ದು ಹತ್ತು ಹನ್ನೆರಡು ಎಲೆಯಷ್ಟು ಮಾತ್ರ. "ಎಕ್ಸೆಲ್ ಶೀಟ್ ಸಾಕು, ಇದಕ್ಕೆಲ್ಲ ಪ್ರೋಗ್ರಾಂ ಯಾಕೆ" ಅನ್ನುತ್ತಿದ್ದ ಕಮಿಟಿಯವರೇ ಈಗ ಯುಗಾದಿಗೂ ಅದನ್ನೇ ಹಾಕಿ ಅನ್ನುತ್ತಿದ್ದಾರೆ. ಟಿಕೆಟ್ ಮಾರುವ ಸಾಫ್ಟ್‌ವೇರ್ ಪ್ರೆಟಿಕ್ಸ್‌ನ ಎಪಿಐ (ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ದಾರಿ) ಬಳಸಿ ನಾನು ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ಅದು. ಅದಕ್ಕೇ ಬರೆಯುತ್ತಿದ್ದೇನೆ. ಪೈಥಾನ್, ಟೋಕನ್, ಜೇಸನ್ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಇಲ್ಲಿ ನವೆಂಬರ್ 1ರಂದೇ ರಾಜ್ಯೋತ್ಸವ ಮಾಡೋಕೆ ಆಗಲ್ಲ. ಆ ದಿನ ಬವೇರಿಯಾದಲ್ಲಿ ಆಲ್‌ರ್‌ಹೈಲಿಗನ್, ಅಂದರೆ ಕ್ರೈಸ್ತರ ಸರ್ವ ಸಂತರ ದಿನ. ರಜೆ ಇದೆ, ಆದರೆ ಕಾನೂನಿನಲ್ಲಿ ಅದು ಮೌನದ ದಿನ, ಸಾರ್ವಜನಿಕವಾಗಿ ಹಾಡು ಕುಣಿತ ಇಟ್ಟುಕೊಳ್ಳುವ ಹಾಗಿಲ್ಲ. ನವೆಂಬರ್‌ನಲ್ಲೇ ಅಂಥ ದಿನ ಇನ್ನೂ ಇವೆ. ಹಾಲ್ ಸಿಗುವ ಶನಿವಾರಗಳೂ ಕಡಿಮೆ, ಬಾಡಿಗೆ ಜಾಸ್ತಿ, ರಾತ್ರಿ ಹೇಳಿದ ಹೊತ್ತಿಗೆ ಹಾಲ್ ಖಾಲಿ ಮಾಡಲೇಬೇಕು. ಗೇಟಿನಲ್ಲಿ ಒಂದು ಗಂಟೆ ಹೋದರೆ ಮಕ್ಕಳ ಡಾನ್ಸ್ ಒಂದು ಗಂಟೆ ಕಮ್ಮಿ. ಹಿಂದಿನ ವರ್ಷಗಳಲ್ಲಿ ಆಗಿದ್ದು ಅದೇ.

ಟಿಕೆಟಿಗೆ ಪ್ರೆಟಿಕ್ಸ್ ಆರಿಸಿದೆವು. ಹೈಡಲ್‌ಬರ್ಗ್‌ನವರದು, ಓಪನ್ ಸೋರ್ಸ್, ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಬರೆದದ್ದು. ಇಲ್ಲಿನ ಹ್ಯಾಕರ್‌ಗಳ ದೊಡ್ಡ ಸಮ್ಮೇಳನ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್‌ನ ಟಿಕೆಟ್ ಕೂಡ ಇದರಲ್ಲೇ ಮಾರಾಟವಾಗುತ್ತದೆ. ಅವರ ಸರ್ವರ್ ಮೇಲೇ ಇಟ್ಟರೆ ಟಿಕೆಟ್ ಬೆಲೆಯ ಶೇ. 2.5ರ ಆಸುಪಾಸು ಶುಲ್ಕ. ನಮ್ಮ ವ್ಯಾಪಾರ ಹತ್ತು ಸಾವಿರ ಯೂರೋ ಆಚೀಚೆ, ಅಂದರೆ 250 ಯೂರೋ ಹೋಯಿತು. ಗೇಟಿನ ಸ್ಕ್ಯಾನಿಂಗ್, ಊಟದ ಲೆಕ್ಕ ಎಲ್ಲ ಮಾಡಿಕೊಡ್ತೀವಿ ಅಂತ ಒಬ್ಬರು ಕೇಳಿದ್ದು ಸುಮಾರು 2,500 ಯೂರೋ. ನನಗೆ ಖರ್ಚಾಗಿದ್ದು ಎರಡು ಯುಎಸ್‌ಬಿ ಸ್ಕ್ಯಾನರ್, ಒಂದು ಸಣ್ಣ ರೌಟರ್, ತಿಂಗಳಿಗೆ ಐದು ಯೂರೋದ ಸರ್ವರ್. ಎಲ್ಲ ಸೇರಿ ನೂರೈವತ್ತು ದಾಟಲಿಲ್ಲ.

ಪ್ರೆಟಿಕ್ಸ್‌ನವರದೇ ಸ್ಕ್ಯಾನ್ ಆಪ್ ಇದೆಯಲ್ವಾ ಅಂತ ಕೇಳಬಹುದು. ಇದೆ, ಚೆನ್ನಾಗಿದೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ನಮ್ಮವರು ಬರೋದು ಮನೆಮಂದಿಯೆಲ್ಲ ಒಟ್ಟಿಗೆ. ಅಜ್ಜಿಯಿಂದ ಕೂಸಿನವರೆಗೆ ಆರು ಟಿಕೆಟ್, ಆರೂ ಒಂದೇ ಫೋನಿನಲ್ಲಿ. ಪಿಡಿಎಫ್ ತೆಗೆದು ಒಂದೊಂದೇ ಪುಟ ಸರಿಸಿ ತೋರಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದಿರುತ್ತದೆ. ನನಗೆ ಬೇಕಿದ್ದದ್ದು ಒಂದು ಕೋಡ್ ಸ್ಕ್ಯಾನ್ ಮಾಡಿದರೆ ಆ ಆರ್ಡರಿನ ಎಲ್ಲರೂ ಪರದೆ ಮೇಲೆ ಬರಬೇಕು, ಒಂದು ಕೀ ಒತ್ತಿದರೆ ಎಲ್ಲರೂ ಒಳಗೆ.

ಲೈಬ್ರರಿ ವಿಷಯಕ್ಕೆ ಬರೋಣ. ಪೈಥಾನ್‌ನಿಂದ ಎಪಿಐ ಕರೆಯೋಕೆ ಸುಮ್ನೆ ರಿಕ್ವೆಸ್ಟ್ಸ್ ಅನ್ನುವ ಲೈಬ್ರರಿ ಸಾಕು. ಆದರೆ ಅದರಲ್ಲಿ ತಾನಾಗಿಯೇ ಟೈಮ್‌ಔಟ್ ಇಲ್ಲ, ನೀವು ಕೊಡದಿದ್ದರೆ ಎಷ್ಟು ಹೊತ್ತಾದರೂ ಕಾಯುತ್ತಾ ಕೂರುತ್ತದೆ. ಸೆಷನ್‌ಗೆ ಯುಆರ್‌ಎಲ್‌ಲಿಬ್3ಯ ರಿಟ್ರೈ ಸೇರಿಸಿ, ಕರೆ ಸೋತರೆ ಅದು ಮತ್ತೆ ಪ್ರಯತ್ನಿಸುತ್ತದೆ. ಕರೆ ಜಾಸ್ತಿಯಾಯಿತು ಅನ್ನುವ 429 ಉತ್ತರ ಬಂದಾಗ, ಎಷ್ಟು ಹೊತ್ತು ಕಾಯಬೇಕು ಅಂತ ಜೊತೆಗೆ ಬರುವ ರಿಟ್ರೈ-ಆಫ್ಟರ್ ಹೆಡರನ್ನು ಅದು ತಾನೇ ಓದಿ ಕಾಯುತ್ತದೆ. ಆದರೆ ಪೋಸ್ಟ್ ಕರೆಗಳನ್ನು (ಸರ್ವರಿಗೆ ಹೊಸ ಮಾಹಿತಿ ಕಳಿಸುವಂಥವು) ಅದು ಹಾಗೇ ಮರುಪ್ರಯತ್ನಿಸುವುದಿಲ್ಲ. ಚೆಕ್‌ಇನ್, ಅಂದರೆ ಗೇಟಿನಲ್ಲಿ ಒಳಗೆ ಬಂದರು ಅನ್ನುವ ದಾಖಲೆ, ಎಲ್ಲ ಪೋಸ್ಟ್, ಹಾಗಾಗಿ ಅದನ್ನು ನಾವೇ ಪಟ್ಟಿಗೆ ಸೇರಿಸಬೇಕು. ಎರಡು ಸಲ ಹೋದರೆ ಅನ್ನುವ ಭಯ ಬೇಡ, ಪ್ರತಿ ಚೆಕ್‌ಇನ್‌ಗೂ ಒಂದು ನಾನ್ಸ್ (ಬೇರೆಲ್ಲೂ ಬಳಸದ ಗುರುತು) ಕಳಿಸಿದರೆ ಅದೇ ನಾನ್ಸ್ ಎಷ್ಟು ಸಲ ಹೋದರೂ ದಾಖಲಾಗೋದು ಒಂದೇ. ಇನ್ನೊಂದು, ದುಡ್ಡೆಲ್ಲ "28.00" ಅಂತ ಅಕ್ಷರವಾಗಿ ಬರುತ್ತದೆ. ಡೆಸಿಮಲ್ ಬಳಸಿ, ಫ್ಲೋಟ್ ಮುಟ್ಟಬೇಡಿ, ಅದರಲ್ಲಿ ಪೈಸೆ ಲೆಕ್ಕ ತಪ್ಪಬಹುದು.

ಮೊದಲು ಕೈಕೊಟ್ಟಿದ್ದು ವೆಬ್‌ಹುಕ್, ಅಂದರೆ ಏನಾದರೂ ಬದಲಾದ ಕೂಡಲೇ ಪ್ರೆಟಿಕ್ಸ್ ನಮ್ಮ ಸರ್ವರಿಗೆ ಕಳಿಸುವ ಸುದ್ದಿ. ಇಲ್ಲೇ ಸಾಫ್ಟ್‌ವೇರ್‌ನಲ್ಲಿರುವ ಗೆಳೆಯನೊಬ್ಬ ಅದೇ ಸರಿ ಅಂತ ಪಟ್ಟು ಹಿಡಿದಿದ್ದ. ಪ್ರೆಟಿಕ್ಸ್‌ನ ವೆಬ್‌ಹುಕ್‌ನಲ್ಲಿ ಬರೋದು ಆರ್ಡರ್ ಕೋಡ್ ಮತ್ತು ಏನಾಯಿತು ಅನ್ನೋದು ಅಷ್ಟೇ, ವಿವರಕ್ಕೆ ಮತ್ತೆ ಎಪಿಐ ಕರೆಯಲೇಬೇಕು. ನಮ್ಮ ಐದು ಯೂರೋದ ಸರ್ವರ್ ಮಲಗಿದ್ದಾಗ ಬಂದವು ಆಮೇಲೆ ಮತ್ತೆ ಬಂದವು, ಆದರೆ ಹಿಂದುಮುಂದಾಗಿ. ರದ್ದಾದ ಸುದ್ದಿ ಮೊದಲು, ಹಣ ಬಂದ ಸುದ್ದಿ ಆಮೇಲೆ. ಈಗ ವೆಬ್‌ಹುಕ್ ಕೆಲಸ ಬಾಗಿಲು ತಟ್ಟೋದು ಮಾತ್ರ.

ನಿಜವಾದ ಕೆಲಸ ಮಾಡೋದು ಆರ್ಡರ್ ಪಟ್ಟಿಯ ಮಾಡಿಫೈಡ್-ಸಿನ್ಸ್ ಫಿಲ್ಟರ್, ನಾವು ಕೊಟ್ಟ ಸಮಯದಿಂದ ಈಚೆಗೆ ಬದಲಾದವನ್ನು ಮಾತ್ರ ಅದು ಕೊಡುತ್ತದೆ. ಕೆಲವು ನಿಮಿಷಕ್ಕೊಮ್ಮೆ ಬದಲಾದ ಆರ್ಡರ್‌ಗಳನ್ನು ಎಳೆದು ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್‌ಗೆ ಹಾಕುತ್ತೇನೆ. ಪುಟಕ್ಕೆ 50ರಂತೆ ಬರುತ್ತವೆ, ನೆಕ್ಸ್ಟ್ ಕೊಂಡಿ ಹಿಡಿದು ಹೋಗಬೇಕು. ಮುಂದಿನ ಸಲಕ್ಕೆ ಕೊಡುವ ಸಮಯ ನಿಮ್ಮ ಲ್ಯಾಪ್‌ಟಾಪಿನದ್ದಾಗಬಾರದು. ಉತ್ತರದಲ್ಲಿ ಎಕ್ಸ್-ಪೇಜ್-ಜನರೇಟೆಡ್ ಅಂತ ಹೆಡರ್ ಬರುತ್ತದೆ, ಮೊದಲ ಪುಟದ್ದನ್ನು ಇಟ್ಟುಕೊಂಡು ಅದನ್ನೇ ಕೊಡಿ. ಗಡಿಯಾರ ಕೆಲವು ಸೆಕೆಂಡ್ ಮುಂದಿದ್ದರೂ ಆರ್ಡರ್ ತಪ್ಪಿಹೋಗುತ್ತದೆ, ಹೋಗಿದ್ದು ಗೊತ್ತೂ ಆಗುವುದಿಲ್ಲ. ಟೆಸ್ಟ್ ಮೋಡ್ ಆರ್ಡರ್‌ಗಳನ್ನು ಮೊದಲೇ ಹೊರಗಿಡಿ, ಅವು ಯಾವಾಗ ಬೇಕಾದರೂ ಮಾಯ ಆಗುತ್ತವೆ.

ಬ್ಯಾಂಕ್ ವರ್ಗಾವಣೆ ಬೇರೆಯೇ ಕಥೆ. ಜರ್ಮನಿಯಲ್ಲಿ ಕಾರ್ಡಿಗಿಂತ ಊಬರ್‌ವೈಸುಂಗ್ ಇಷ್ಟಪಡುವವರು ನಮ್ಮಲ್ಲೂ ಬಹಳ. ಐದಕ್ಷರದ ಆರ್ಡರ್ ಕೋಡ್ ಬರೆಯಿರಿ ಅಂದರೆ "ರಾಜ್ಯೋತ್ಸವ, ನಾಲ್ಕು ಜನ" ಅಂತ ಬರೆಯುತ್ತಾರೆ. ಮೂರು ಮನೆಯವರು ಸೇರಿ ಒಂದೇ ಸಲ ಕಳಿಸುತ್ತಾರೆ. ಹೆಸರು ಹೋಲಿಸಿ ತಾನೇ ಊಹಿಸುವ ಸ್ಕ್ರಿಪ್ಟ್ ಬರೆದಿದ್ದೆ. ನಮ್ಮ ಖಜಾಂಚಿ ಅಕ್ಕ "ನೋಡಪ್ಪಾ, ದುಡ್ಡಿನ ವಿಷಯದಲ್ಲಿ ಊಹೆ ಬೇಡ" ಅಂದರು. ಅವರ ಮಾತು ಸರಿ. ಈಗ ಕೋಡ್ ಮತ್ತು ಮೊತ್ತ ಎರಡೂ ಕೂಡಿದರೆ ಮಾತ್ರ ಸ್ಕ್ರಿಪ್ಟ್ ಪೇಮೆಂಟ್ ಖಚಿತ ಮಾಡುತ್ತದೆ, ಮುಕ್ಕಾಲು ಪಾಲು ಹಾಗೇ ಮುಗಿಯುತ್ತವೆ. ಉಳಿದವರಿಗೆ ಅಕ್ಕ ಫೋನ್ ಮಾಡುತ್ತಾರೆ. ಈ ಕರೆಗಳಿಗೆ ಎಕ್ಸ್-ಐಡೆಂಪೊಟೆನ್ಸಿ-ಕೀ ಹೆಡರ್ ಹಾಕಿ, ಅದೇ ಕರೆ ಎರಡು ಸಲ ಹೋದರೂ ಕೆಲಸ ಒಂದೇ ಸಲ ಆಗುತ್ತದೆ.

ಇನ್ನು ಗೇಟು. ಹಾಲ್ ನೆಲಮಾಳಿಗೆಯಲ್ಲಿ, ಫೋನ್ ಸಿಗ್ನಲ್ ಇಲ್ಲ. ಒಂದು ಲ್ಯಾಪ್‌ಟಾಪಿನಲ್ಲಿ ಫ್ಲಾಸ್ಕ್ (ಗೇಟಿನ ಪುಟ ತೋರಿಸುವ ಪೈಥಾನ್ ವೆಬ್ ಫ್ರೇಮ್‌ವರ್ಕ್) ಮತ್ತು ಡೇಟಾಬೇಸ್, ಇನ್ನೊಂದು ನಮ್ಮದೇ ರೌಟರ್ ಮೂಲಕ ಅದೇ ಪುಟ ತೆರೆಯುತ್ತದೆ. ಹಾಗಾಗಿ ಒಂದೇ ಟಿಕೆಟ್ ಎರಡು ಬಾಗಿಲಲ್ಲಿ ನಡೆಯುವುದಿಲ್ಲ. ಸ್ಕ್ಯಾನ್‌ಗಳು ಸಾಲಿನಲ್ಲಿ ನಿಂತು, ನೆಟ್ ಸಿಕ್ಕಾಗ ನಿಜವಾದ ಸಮಯ ಮತ್ತು ಫೋರ್ಸ್ (ತಡೆಯದೆ ದಾಖಲಿಸು ಅನ್ನುವ ಸೂಚನೆ) ಜೊತೆಗೆ ಪ್ರೆಟಿಕ್ಸ್‌ಗೆ ಹೋಗುತ್ತವೆ. ಫೋನ್ ಕ್ಯಾಮೆರಾ ಬಿಟ್ಟಿದ್ದು ಯಾಕೆಂದರೆ ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಬ್ರೌಸರ್ ಕ್ಯಾಮೆರಾ ಕೊಡುವುದಿಲ್ಲ.

ಯುಎಸ್‌ಬಿ ಸ್ಕ್ಯಾನರ್ ತಂದಾಗ ಬಂದ ತೊಂದರೆಗೆ ಒಂದಿಡೀ ಸಂಜೆ ಹೋಯಿತು. ಅಭ್ಯಾಸದಲ್ಲಿ ಒಂದು ಲ್ಯಾಪ್‌ಟಾಪ್ ಎಲ್ಲ ಟಿಕೆಟ್ ಓದುತ್ತಿತ್ತು, ಇನ್ನೊಂದು ಹತ್ತಕ್ಕೆ ಒಂದನ್ನು ಒಪ್ಪಿ ಉಳಿದದ್ದೆಲ್ಲ ಅಮಾನ್ಯ ಅನ್ನುತ್ತಿತ್ತು. ಕೋಡಿಗೂ ಎಪಿಐಗೂ ಇದರಲ್ಲಿ ಸಂಬಂಧವೇ ಇರಲಿಲ್ಲ. ಸ್ಕ್ಯಾನರ್ ತನ್ನನ್ನು ಅಮೆರಿಕನ್ ಕೀಬೋರ್ಡ್ ಅಂದುಕೊಳ್ಳುತ್ತದೆ, ಆ ಲ್ಯಾಪ್‌ಟಾಪ್ ಜರ್ಮನ್ ಕೀಬೋರ್ಡಿನದು, ಅದರಲ್ಲಿ ವೈ ಮತ್ತು ಝಡ್ ಅದಲುಬದಲು. ಟಿಕೆಟ್ಟಿನ ಗುಟ್ಟಿನ ಕೋಡ್ ಉದ್ದ ಇರುವುದರಿಂದ ಬಹುತೇಕ ಎಲ್ಲದರಲ್ಲೂ ಆ ಅಕ್ಷರಗಳಲ್ಲೊಂದು ಇದ್ದೇ ಇರುತ್ತದೆ. ಸ್ಕ್ಯಾನರ್ ಜೊತೆ ಬರುವ ಚೀಟಿಯಲ್ಲಿ ಜರ್ಮನ್ ಕೀಬೋರ್ಡಿನ ಬಾರ್‌ಕೋಡ್ ಇರುತ್ತದೆ, ಅದನ್ನು ಓದಿಸಿದರೆ ಮುಗಿಯಿತು.

ಊಟದ ಲೆಕ್ಕದಲ್ಲೇ ಉಳಿತಾಯ ಜಾಸ್ತಿ. ಅಡುಗೆಯವರಿಗೆ ಮೂರು ದಿನ ಮೊದಲು ಸಂಖ್ಯೆ ಹೇಳಬೇಕು, ಎಲೆಗೆ ಸುಮಾರು 14 ಯೂರೋ. ಹಿಂದೆಲ್ಲ ನಲವತ್ತು ಐವತ್ತು ಎಲೆ ಮಿಗುತ್ತಿತ್ತು. ಅಂದರೆ ಆರೇಳು ನೂರು ಯೂರೋದ ಬಿಸಿಬೇಳೆಬಾತ್ ಮತ್ತು ಹೋಳಿಗೆ. ಹಣ ಕಟ್ಟದ ಆರ್ಡರ್‌ಗಳಲ್ಲಿ ಎಷ್ಟು ನಿಜಕ್ಕೂ ಬರುತ್ತವೆ, ಕಟ್ಟಿದವರಲ್ಲಿ ಎಷ್ಟು ತಪ್ಪುತ್ತಾರೆ, ಇದಕ್ಕೆ ನನ್ನ ಹತ್ತಿರ ಒಂದು ಸೂತ್ರ ಇದೆ. ಹಳೆಯ ಚೆಕ್‌ಇನ್ ದಾಖಲೆಗಳಿಂದಲೇ ತೆಗೆದದ್ದು. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ನಿಮ್ಮ ದಾಖಲೆ ನೋಡಿದರೆ ನಿಮಗೂ ಸಿಗುತ್ತದೆ.

ನಡುವೆ ಬ್ಯಾಡ್ಜ್ ಮೇಲೆ ಹೆಸರು ಕನ್ನಡದಲ್ಲೇ ಇರಲಿ ಅನ್ನಿಸಿತು. ಮೊದಲು ಬಳಸಿದ ಪಿಡಿಎಫ್ ಲೈಬ್ರರಿಯಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿ, ಕೃಷ್ಣ ಅಂತ ಓದೋಕೇ ಆಗುತ್ತಿರಲಿಲ್ಲ. ವೀಸಿಪ್ರಿಂಟ್‌ಗೆ ಬದಲಾಯಿಸಿದೆ, ಅದು ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ ನೋಟೋ ಫಾಂಟಿನಲ್ಲಿ ಅಕ್ಷರ ಸರಿಯಾಗಿ ಕೂಡಿತು. ಬುಕಿಂಗ್ ಫಾರ್ಮಿನಲ್ಲಿ ಕನ್ನಡ ಹೆಸರಿಗೆ ಪ್ರತ್ಯೇಕ ಪ್ರಶ್ನೆ ಇಟ್ಟೆ, ಉತ್ತರ ಟಿಕೆಟ್ ಜೊತೆಗೇ ಎಪಿಐನಲ್ಲಿ ಬರುತ್ತದೆ. ಅರ್ಧದಷ್ಟು ಜನ ತುಂಬಿದರು. ಇಲ್ಲೇ ಹುಟ್ಟಿದ ಮಕ್ಕಳ ಹೆಸರನ್ನು ಅಪ್ಪ ಅಮ್ಮ ಕನ್ನಡದಲ್ಲಿ ಬರೆದು ಕಳಿಸಿದ್ದರು. ಯುಗಾದಿಗೆ ಆ ಪ್ರಶ್ನೆಯನ್ನು ಫಾರ್ಮಿನ ಮೇಲ್ಭಾಗಕ್ಕೆ ತರುತ್ತಿದ್ದೇನೆ.