ಸಾಕ್ಷ್ಯದ ತಕರಾರಿನ ಮೇಲೆ ಅವಾರ್ಡ್ ಕೆಡವಿದ್ದು: ನನ್ನ ಅನುಭವ

ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥ, ಕೊಡುವ ತೀರ್ಪೇ ಅವಾರ್ಡ್. ಅದನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹಾಕೋದು ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 34ರ ಅರ್ಜಿ. ಸಾಕ್ಷ್ಯದ ಮಾತೆತ್ತಿದರೆ ಆ ಅರ್ಜಿ ಬಿದ್ದ ಹಾಗೇ ಅಂತ ಜೊತೆಯ ವಕೀಲರೆಲ್ಲ ಹೇಳಿದ್ದರು. ಸಾಕ್ಷ್ಯವನ್ನು ಮತ್ತೆ ತೂಗುವ ಹಾಗಿಲ್ಲ ಅನ್ನೋ 34(2ಎ) ಎಲ್ಲರಿಗೂ ಬಾಯಿಪಾಠ ಅಲ್ವಾ? ಆದರೂ ಗೆದ್ದೆ.

ನಮ್ಮ ಕಕ್ಷಿದಾರರು ಗುತ್ತಿಗೆದಾರರು. ಬಡ್ಡಿ ಸೇರಿ ಹತ್ತಿರ ಹತ್ತಿರ 80 ಲಕ್ಷದ ಅವಾರ್ಡ್ ಅವರ ವಿರುದ್ಧ ಆಗಿತ್ತು. ಅರ್ಧಕ್ಕಿಂತ ಜಾಸ್ತಿ ಮೊತ್ತ ನಿಂತಿದ್ದು ಒಂದೇ ಅಳತೆ ವರದಿಯ ಮೇಲೆ. ವಾದ ಮುಗಿದ ಮೇಲೆ ಎದುರಿನವರು ಅದನ್ನು ಲಿಖಿತ ವಾದದ ಜೊತೆ ಆರ್ಬಿಟ್ರೇಟರಿಗೆ ಕಳಿಸಿದ್ದರು. ನಮಗೆ ಪ್ರತಿ ಬಂದಿರಲಿಲ್ಲ.

ಮೊದಲ ಕರಡಿನಲ್ಲಿ ತಕರಾರುಗಳ ದೊಡ್ಡ ರಾಶಿಯೇ ಇತ್ತು. ಸಾಕ್ಷಿಯನ್ನು ನಂಬಬಾರದಿತ್ತು, ಪಾಟೀ ಸವಾಲನ್ನು ಗಮನಿಸಿಲ್ಲ, ಇಂಥವೇ. ಈ ಬಗೆಯ ಅರ್ಜಿಗಳು ಬೀಳೋದನ್ನು ಬೇಕಾದಷ್ಟು ನೋಡಿದ್ದೇನೆ, ನನ್ನವೂ ಸೇರಿ. ಎಲ್ಲ ಕಿತ್ತು ಒಂದನ್ನೇ ಉಳಿಸಿದೆ: ಅದೇ ಕಾಯ್ದೆಯ 24(3)ರ ಪ್ರಕಾರ ನಮಗೂ ತಲುಪಬೇಕಿದ್ದ ಕಾಗದ ತಲುಪಿಲ್ಲ, ಹಾಗಾಗಿ ನಮ್ಮ ಮಾತು ಹೇಳೋಕೆ ಅವಕಾಶವೇ ಸಿಕ್ಕಿಲ್ಲ. ದಾಖಲೆಯಲ್ಲೇ ಇಲ್ಲದ ಸರ್ಕಾರಿ ಮಾರ್ಗಸೂಚಿ ನೆಚ್ಚಿಕೊಂಡ ಅವಾರ್ಡನ್ನು ಸುಪ್ರೀಂ ಕೋರ್ಟ್ 2019ರ ಸಾಂಗ್‌ಯಾಂಗ್ ಕೇಸಿನಲ್ಲಿ ರದ್ದು ಮಾಡಿತ್ತು. ಅದು ಸಾಕಾಗಿತ್ತು.

ಕೆಲಸ ಮಾಡಿದ್ದು ಎರಡು ಹಾಳೆಯ ಒಂದು ಪಟ್ಟಿ. ಅವಾರ್ಡಿನ ಪ್ಯಾರಾ, ಅಲ್ಲಿ ವರದಿಯಿಂದ ಎತ್ತಿಕೊಂಡ ಅಂಕಿ, ಅದರಿಂದ ಬಂದ ಮೊತ್ತ. ವರದಿ ಪಕ್ಕಕ್ಕಿಟ್ಟರೆ ಆ ಹಣಕ್ಕೆ ಬೇರೆ ಆಧಾರವೇ ಇಲ್ಲ ಅಂತ ಕಣ್ಣಿಗೇ ಕಾಣಬೇಕು. ಇಲ್ಲದಿದ್ದರೆ "ಪ್ರತಿ ಕೊಟ್ಟಿದ್ದರೆ ಏನು ಬದಲಾಗುತ್ತಿತ್ತು?" ಅಂತ ಕೇಳಿದಾಗ ಬಾಯಿ ಕಟ್ಟುತ್ತದೆ. ಎದುರಿನವರು ಸೆಕ್ಷನ್ 4 (ಗೊತ್ತಿದ್ದೂ ಸಮಯಕ್ಕೆ ಆಕ್ಷೇಪಿಸದಿದ್ದರೆ ಆ ಹಕ್ಕು ಬಿಟ್ಟ ಹಾಗೆ) ಎತ್ತಿದರು, ಆಗಲೇ ಯಾಕೆ ಆಕ್ಷೇಪಿಸಲಿಲ್ಲ ಅಂತ. ಇದೆ ಅಂತಲೇ ಗೊತ್ತಿಲ್ಲದ ಕಾಗದಕ್ಕೆ ಹೇಗೆ ಆಕ್ಷೇಪಿಸೋದು! ಪ್ರತಿ ತಲುಪಿಲ್ಲ ಅನ್ನೋದನ್ನು ಟ್ರಿಬ್ಯೂನಲ್ (ಅಂದರೆ ಆರ್ಬಿಟ್ರೇಟರ್) ಕಡತದಿಂದಲೇ ಹೇಗೆ ತೋರಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇಂಥದ್ದೇ ಇನ್ನೊಂದು ಕೇಸು ನಡೆಯುತ್ತಿದೆ.

ನಡುವೆ ಕಕ್ಷಿದಾರರ ಹಠಕ್ಕೆ ಹೊಸದಾಗಿ ಅಳತೆ ಮಾಡಿಸಿ ಅಫಿಡವಿಟ್ ಹಾಕಿದೆವು. ಸುಮ್ನೆ 40 ಸಾವಿರ ಹೋಯಿತು. 2019ರ ತಿದ್ದುಪಡಿ ಬಂದ ಮೇಲೆ ಇಂಥ ತಕರಾರನ್ನು ಟ್ರಿಬ್ಯೂನಲ್ ದಾಖಲೆಯಿಂದಲೇ ಸಾಬೀತು ಮಾಡಬೇಕು. ಕೋರ್ಟ್ ಆ ಅಫಿಡವಿಟ್ ಮುಟ್ಟಲೂ ಇಲ್ಲ.

ನಿಜವಾದ ಏಟು ಅವಾರ್ಡ್ ಜಾರಿಗೆ ಪಡೆದ ತಡೆಯಾಜ್ಞೆಯ ಷರತ್ತಿನದ್ದು. ಅರ್ಧ ಮೊತ್ತ ಠೇವಣಿ, ಉಳಿದದ್ದಕ್ಕೆ ಬ್ಯಾಂಕ್ ಗ್ಯಾರಂಟಿ. ಗ್ಯಾರಂಟಿಗೆ ವರ್ಷ ವರ್ಷ ಕಮಿಷನ್, ಮೇಲೆ ಬ್ಯಾಂಕಿನಲ್ಲಿ ಭದ್ರತೆಗೆ ಇಡುವ ಮಾರ್ಜಿನ್ ಹಣ. ಕಕ್ಷಿದಾರರು ಒಂದು ಜೆಸಿಬಿ ಮಾರಬೇಕಾಯಿತು. ಅದರ ಮುಂದೆ ನನ್ನ ಫೀಸು ಲೆಕ್ಕಕ್ಕೇ ಇಲ್ಲ. ಅರ್ಜಿಗೆ ಸಹಿ ಹಾಕಿಸುವ ಮೊದಲೇ ಈ ಲೆಕ್ಕ ಹೇಳಿಬಿಡಿ.

ಕೊನೆಗೆ ವರದಿಯ ಮೇಲೆ ನಿಂತ ಭಾಗವನ್ನಷ್ಟೇ ಕೋರ್ಟ್ ಬೇರ್ಪಡಿಸಿ ರದ್ದು ಮಾಡಿತು. ಉಳಿದ ಮೂವತ್ತು ಚಿಲ್ಲರೆ ಲಕ್ಷ ಠೇವಣಿಯಿಂದಲೇ ತೀರಿತು. ಎದುರಿನವರು ಸೆಕ್ಷನ್ 37ರಲ್ಲಿ ಮೇಲ್ಮನವಿ ಹಾಕಿದ್ದಾರೆ, ಇನ್ನೂ ವಿಚಾರಣೆಗೆ ಬಂದಿಲ್ಲ.