ಆಂಪ್ ಕೊಳ್ಳುವ ಮೊದಲು ಲೆಕ್ಕ ಹಾಕಿದೆ

ಕೈಯಲ್ಲಿದ್ದದ್ದು 10,000 ರೂಪಾಯಿ. 7,500 ಕೊಟ್ಟು 250 ಓಮ್‌ನ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸೆಕೆಂಡ್ ಹ್ಯಾಂಡ್ ಹೆಡ್‌ಫೋನ್ ತಂದೆ. ಫೋನ್‌ಗೆ ಸಿಕ್ಕಿಸಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಹಾಕಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ತಂಬೂರಿ ಕೇಳಲೇ ಇಲ್ಲ. ತುಂಬಾ ಬೇಜಾರಾಯಿತು.

ಅಂಗಡಿಯವರು 8,000 ರೂಪಾಯಿಯ ಆಂಪ್ (ಸದ್ದು ಹೆಚ್ಚಿಸುವ ಸಾಧನ) ಬೇಕೇಬೇಕು ಅಂದರು. ಅಷ್ಟು ದುಡ್ಡು ಎಲ್ಲಿಂದ ತರುವುದು? ಕೂತು ಲೆಕ್ಕ ಹಾಕಿದೆ. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಓಮ್‌ನಿಂದ ಭಾಗಿಸಿದರೆ ಪವರ್ ಸಿಗುತ್ತದೆ. ನನ್ನ ಫೋನ್ ಕೊಡುವುದು ಸುಮಾರು ಅರ್ಧ ವೋಲ್ಟ್. ಅಂದರೆ ಬರೀ 1 ಮಿಲಿವ್ಯಾಟ್. 2 ವೋಲ್ಟ್ ಕೊಡುವ ಡಾಂಗಲ್ (ಫೋನಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸುವ ಪುಟ್ಟ ಸಾಧನ) ಆದರೆ 16 ಮಿಲಿವ್ಯಾಟ್, ಸದ್ದು 12 ಡೆಸಿಬೆಲ್ ಜಾಸ್ತಿ! ನನಗೆ ಅಷ್ಟು ಸಾಕಿತ್ತು.

2,200ಕ್ಕೆ ಬೆರಳುದ್ದದ ಯುಎಸ್‌ಬಿ-ಸಿ ಡಾಂಗಲ್ ತಂದೆ. ಬೇರೆ ಚಾರ್ಜ್ ಮಾಡುವ ಗೋಜಿಲ್ಲ, ಫೋನ್ ಬ್ಯಾಟರಿ ಮಾತ್ರ ಸ್ವಲ್ಪ ಬೇಗ ಇಳಿಯುತ್ತದೆ.

ಒಂದು ಮಾತು. ಡಬ್ಬಿಯ ಮೇಲಿನ ಮಿಲಿವ್ಯಾಟ್ ಹೆಚ್ಚಾಗಿ 32 ಓಮ್‌ಗೆ ಹೇಳಿದ್ದು. ಅದನ್ನು ನೋಡಿ ಸುಮ್ನೆ ಕೊಳ್ಳಬೇಡಿ. 250 ಓಮ್‌ನಂಥದ್ದಕ್ಕೆ ಎಷ್ಟು ವೋಲ್ಟ್ ಬರುತ್ತದೆ ಅನ್ನುವುದೇ ಮುಖ್ಯ, ಅಲ್ವಾ?

ನಿನ್ನೆ ರಾತ್ರಿ ಅದೇ ರೆಕಾರ್ಡಿಂಗ್ ಕೇಳಿದೆ. ಮನ್ಸೂರರ ದನಿಯ ಹಿಂದೆ ತಂಬೂರಿ ಸ್ಪಷ್ಟವಾಗಿ ಮಿಡಿಯುತ್ತಿತ್ತು.