ಅಲರ್ಜಿಯಿರುವ ಮಗು ಎಲ್ಲರ ಜೊತೆ ಕೂತು ಉಣ್ಣಲು: ನನ್ನ ಅನುಭವ

"ಊಟದ ಹೊತ್ತಿಗೆ ಯಾರ ಪಕ್ಕ ಕೂರ್ತೀಯ?" ಆಹಾರ ಅಲರ್ಜಿಯಿರುವ ಮಕ್ಕಳ ಆಪ್ತಸಮಾಲೋಚನೆಯಲ್ಲಿ ನಾನು ಮೊದಲು ಕೇಳುವುದು ಇದನ್ನೇ. ರಕ್ತಪರೀಕ್ಷೆಯ ವರದಿ ಫೈಲಿನಲ್ಲಿರುತ್ತದೆ, ಮಗು ಒಂಟಿಯಾಗಿ ಕೂರುವುದು ಎಲ್ಲೂ ದಾಖಲಾಗಿರುವುದಿಲ್ಲ. ಆಮೇಲೆ ಪೋಷಕರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಯಾರಾದರೂ ಅಲರ್ಜಿ ಹಿಡಿದು ಚುಡಾಯಿಸುತ್ತಾರಾ ಎಂದು ನೇರವಾಗಿ ಕೇಳುತ್ತೇನೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮಗು ಇಂಥ ಕಿರುಕುಳ ಅನುಭವಿಸಿತ್ತು. ಪೋಷಕರಿಗೆ ಅದು ತಿಳಿದಿದ್ದದ್ದು ಅರ್ಧದಷ್ಟು ಪ್ರಕರಣಗಳಲ್ಲಿ ಮಾತ್ರ.

ಹೆಚ್ಚು ಸಮಯ ಹಿಡಿಯುವುದು ಭಯ ಬಿಡಿಸುವ ಕೆಲಸ. ಕಡಲೆಕಾಯಿ ಅಲರ್ಜಿಯ ಎಷ್ಟೋ ಮಕ್ಕಳು ಅದರ ವಾಸನೆಗೇ ಎದ್ದು ಓಡುತ್ತಾರೆ. ಗಂಭೀರ ಪ್ರತಿಕ್ರಿಯೆ ಸಾಮಾನ್ಯವಾಗಿ ಬರುವುದು ಹೊಟ್ಟೆಗೆ ಹೋದಾಗ. ಅಲರ್ಜಿ ತಜ್ಞರ ಒಪ್ಪಿಗೆ ಪಡೆದು, ಚಿಕಿತ್ಸಾಲಯದಲ್ಲೇ ಮೆಟ್ಟಿಲುಮೆಟ್ಟಿಲಾಗಿ ಅಭ್ಯಾಸ ಮಾಡಿಸುತ್ತೇನೆ: ಮೊದಲು ಚಿತ್ರ, ನಂತರ ಕೋಣೆಯ ಆ ತುದಿಯಲ್ಲಿ ಮುಚ್ಚಿದ ಡಬ್ಬಿ, ಅದೇ ಡಬ್ಬಿ ಮೇಜಿನ ಮೇಲೆ, ಕೊನೆಗೆ ಮುಚ್ಚಳ ತೆಗೆದು ಕೈಯಳತೆ ದೂರದಲ್ಲಿ. ಪ್ರತಿ ಹಂತದಲ್ಲೂ ಮಗು ತನ್ನ ಭಯಕ್ಕೆ 0ಯಿಂದ 10ರವರೆಗೆ ಅಂಕ ಕೊಡುತ್ತದೆ. 8 ಇದ್ದದ್ದು 4ಕ್ಕೆ ಇಳಿಯುವ ತನಕ ಅಲ್ಲೇ ಕೂರುತ್ತೇವೆ. ಭಯ ಏರಿದ್ದಾಗಲೇ ಎದ್ದುಬಿಟ್ಟರೆ, ಓಡಿದ್ದರಿಂದಲೇ ಬದುಕಿದೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮೀನು ಬೇಯುವ ಆವಿ, ಗಾಳಿಯಲ್ಲಿ ಹಾರುವ ಹಿಟ್ಟು ಕೆಲವರಿಗೆ ನಿಜಕ್ಕೂ ತೊಂದರೆ ಕೊಡುತ್ತವೆ, ಅಲ್ಲಿ ಈ ಅಭ್ಯಾಸ ಬೇಡ.

ಆ ಪದಾರ್ಥ ಮುಟ್ಟಿದ ಕೈಗೆ ಸೋಪು, ನೀರು ಸಾಕು. ಸ್ಯಾನಿಟೈಜರ್ ರೋಗಾಣು ಕೊಲ್ಲುತ್ತದೆ, ಅಲರ್ಜಿ ತರುವ ಪ್ರೋಟೀನನ್ನು ತೆಗೆಯುವುದಿಲ್ಲ.

ಗಾಬರಿಯೋ ಅಲರ್ಜಿಯೋ ಎಂಬ ಗೊಂದಲ ದೊಡ್ಡವರಿಗೂ ಇರುತ್ತದೆ. ಗಾಬರಿಯಲ್ಲಿ ಬೆರಳು ಜುಮ್ಮೆನ್ನುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಚರ್ಮದ ಮೇಲೆ ದದ್ದು ಏಳುವುದಿಲ್ಲ. ಅಲರ್ಜಿಯಲ್ಲಿ ದದ್ದು, ತುಟಿಯ ಊತ, ವಾಂತಿ, ಗೊಗ್ಗರು ದನಿ, ಉಬ್ಬಸ ಕಾಣಿಸಬಹುದು. ದದ್ದೇ ಇಲ್ಲದ ತೀವ್ರ ಪ್ರತಿಕ್ರಿಯೆಯೂ ಉಂಟು. ಹಾಗಾಗಿ ಏನಾದರೂ ತಿಂದ ಮೇಲೆ ಉಸಿರು ಕಟ್ಟಿದರೆ ಅನುಮಾನಿಸುತ್ತ ಕೂರಬಾರದು. ತೊಡೆಯ ಹೊರಬದಿಗೆ ಅಡ್ರಿನಲಿನ್ ಪೆನ್ (ತೀವ್ರ ಅಲರ್ಜಿಗೆ ಕೊಡುವ ಮದ್ದು ತುಂಬಿದ, ಪೆನ್ನಿನಂಥ ಚುಚ್ಚುಮದ್ದು) ಚುಚ್ಚಿ, ಆಂಬುಲೆನ್ಸ್ ಕರೆಸಬೇಕು. ಮಗುವನ್ನು ನಡೆಸಬಾರದು. ಮಲಗಿಸಬೇಕು, ಉಸಿರಾಟ ಕಷ್ಟವಾದರೆ ಕೂರಿಸಬೇಕು. ಸೂಜಿಯಿಲ್ಲದ ಅಭ್ಯಾಸದ ಪೆನ್ನನ್ನು ಮಗುವಿನ ಕೈಗೇ ಕೊಟ್ಟು ಕಲಿಸುತ್ತೇನೆ. ತಾನೇ ಹಿಡಿದ ಮಗುವಿಗೆ ಅದರ ಹೆದರಿಕೆ ಬೇಗ ಬಿಡುತ್ತದೆ.

ಗೆಳೆಯರಿಗೆ ಹೇಳುವ ಮಾತನ್ನೂ ಬಾಯಿಪಾಠ ಮಾಡಿಸುತ್ತೇನೆ: "ನಂಗೆ ಮೊಟ್ಟೆ ಅಲರ್ಜಿ, ತಿಂದ್ರೆ ಉಸಿರಾಡೋಕೆ ಆಗಲ್ಲ. ನಿನ್ನ ಡಬ್ಬೀದು ಬೇಡ, ಜೊತೇಲಿ ಕೂರ್ತೀನಿ." ನಾನು ಗೆಳೆಯನಾಗಿ "ಒಂದೇ ಒಂದು ಚೂರು ಕಣೋ" ಎಂದು ಪೀಡಿಸುತ್ತೇನೆ. ಮಗು ಅದೇ ಮಾತನ್ನು ಮತ್ತೆ ಹೇಳಬೇಕು, ಕಾರಣ ವಿವರಿಸುತ್ತ ಹೋಗಬಾರದು. ವಿವರಣೆ ಕೊಟ್ಟಷ್ಟೂ ಒತ್ತಾಯ ಹೆಚ್ಚುತ್ತದೆ.

ಶಾಲೆಗಳು ಸುರಕ್ಷತೆಗೆಂದು ಬೇರೆ ಮೇಜು ಹಾಕುತ್ತವೆ. ಉದ್ದೇಶ ಒಳ್ಳೆಯದು, ಆದರೆ ಮಗುವಿಗೆ ಅದು ಶಿಕ್ಷೆಯಂತೆಯೇ ಕಾಣುತ್ತದೆ. ಎಲ್ಲರ ಮೇಜಿನಲ್ಲೇ ಒಂದು ತುದಿ, ಪಕ್ಕದಲ್ಲಿ ಆ ಪದಾರ್ಥ ತರದ ಒಬ್ಬ ಗೆಳೆಯ, ಊಟಕ್ಕೆ ಮೊದಲು ಒರೆಸಿದ ಮೇಜು: ಶಿಕ್ಷಕರ ಬಳಿ ನಾನು ಕೇಳಿಕೊಳ್ಳುವುದು ಇಷ್ಟನ್ನೇ.